ಅಂಟಿದ್ದೆಲ್ಲ ಒಳಹೋಗುವುದಿಲ್ಲ: ವೈರಸ್–ರಿಸೆಪ್ಟರ್ ಸಂಶೋಧನೆಗೆ ಹೊರಟ ವಿದ್ಯಾರ್ಥಿಗೆ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ ಚಿಕೂನ್‌ಗುನ್ಯ ವೈರಸ್ಸಿನ ಹೊರಮೈಯ ಇ2 ಪ್ರೋಟೀನಿನ ಮೇಲೆ ನಲವತ್ತು ಸಸ್ಯಜನ್ಯ ಸಂಯುಕ್ತಗಳನ್ನು ಆಟೋಡಾಕ್ ವೀನಾ ಸಾಫ್ಟ್‌ವೇರಿನಲ್ಲಿ ಡಾಕಿಂಗ್ ಮಾಡಿದೆ, ಅಂದರೆ ಅವು ಎಷ್ಟು ಬಿಗಿಯಾಗಿ ಅಂಟಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿದೆ. ಅರಿಶಿನದ ಕರ್ಕ್ಯುಮಿನ್‌ಗೆ ಮೈನಸ್ 9.4 ಕಿಲೋಕ್ಯಾಲರಿ ಬಂತು. ವೈರಸ್ ನಮ್ಮ ಕೋಶದ ಮೇಲಿನ ತನ್ನ ರಿಸೆಪ್ಟರ್ ಪ್ರೋಟೀನಿಗೆ ಅಂಟದಂತೆ ತಡೆಯುವ ಔಷಧ ಸಿಕ್ಕಿದೆ ಎಂದು ಪೇಪರ್ ಮಾಡೋಣ, ಹದಿನೈದು ಸಾವಿರ ಕಟ್ಟಿದರೆ ತಿಂಗಳೊಳಗೆ ಪ್ರಕಟವಾಗುತ್ತದೆ ಎಂದು ಗೈಡ್ ಹೇಳುತ್ತಿದ್ದಾರೆ. ಪಿಎಚ್.ಡಿ.ಯನ್ನೂ ಇದೇ ವಿಷಯದಲ್ಲಿ ಮಾಡುವ ಆಸೆ ನನ್ನದು. ಆದರೆ ಇದಕ್ಕೆ ಅತಿ ಹೆಚ್ಚಿನ ಸುರಕ್ಷತೆಯ ಬಿಎಸ್‌ಎಲ್-4 ಲ್ಯಾಬೇ ಬೇಕು, ವಿದೇಶಕ್ಕೇ ಹೋಗಬೇಕು, ಕೋವಿಡ್ ಮುಗಿದ ಮೇಲೆ ಈ ವಿಷಯವನ್ನು ಕೇಳುವವರಿಲ್ಲ ಎಂದು ಸೀನಿಯರ್‌ಗಳು ಹೆದರಿಸುತ್ತಾರೆ. ಇಮ್ಯುನಾಲಜಿ ನನಗೆ ಕಷ್ಟ. ಅದನ್ನು ಬಿಟ್ಟು ರಿಸೆಪ್ಟರ್ ಕೆಲಸ ಮಾತ್ರ ಮಾಡಬಹುದೇ? ಅಪ್ಪ ಮೆಕ್ಕೆಜೋಳ ಬೆಳೆಯುವ ರೈತರು. ಇನ್ನೂ ಐದಾರು ವರ್ಷ ಮನೆಯಿಂದ ಹಣ ಕೇಳಲಾರೆ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳಿವೆ. ಡಾಕಿಂಗ್ ಫಲಿತಾಂಶಕ್ಕೆ ಎಷ್ಟು ಬೆಲೆ, ದೊಡ್ಡ ಲ್ಯಾಬ್ ಇಲ್ಲದೆ ಈ ಕೆಲಸ ಸಾಧ್ಯವೇ, ಇಮ್ಯುನಾಲಜಿ ಬಿಡಬಹುದೇ, ಜೀವನ ನಡೆಸುವುದು ಹೇಗೆ. ಮೊದಲನೆಯದರಿಂದಲೇ ಶುರು ಮಾಡುತ್ತೇನೆ. ಅಂಟುವುದು ಬೇರೆ, ಒಳಹೋಗುವುದು ಬೇರೆ ಎಂಬ ಈ ಕ್ಷೇತ್ರದ ಮೂಲಪಾಠ ನಿಮ್ಮ ಪ್ರಾಜೆಕ್ಟಿನಲ್ಲೇ ಇದೆ.

ಮೈನಸ್ 9.4 ಅಂದರೆ ಕೊಠಡಿಯ ತಾಪದಲ್ಲಿ ಸುಮಾರು 130 ನ್ಯಾನೋಮೋಲಾರ್ ಬಂಧ; ಈ ಅಂಕಿ ಚಿಕ್ಕದಾದಷ್ಟೂ ಬಂಧ ಬಿಗಿ. ಕೇಳಲು ಚೆನ್ನಾಗಿದೆ. ಆದರೆ ವೀನಾವನ್ನು ತಯಾರಿಸಿದವರೇ ತಮ್ಮ ಲೆಕ್ಕದಲ್ಲಿ ಸುಮಾರು 2.85 ಕಿಲೋಕ್ಯಾಲರಿಯಷ್ಟು ತಪ್ಪು ಇರುತ್ತದೆ ಎಂದು ಬರೆದಿದ್ದಾರೆ. ಈ ತಪ್ಪನ್ನು ಬಂಧದ ಬಲಕ್ಕೆ ಪರಿವರ್ತಿಸಿದರೆ ಮೇಲಕ್ಕೂ ಕೆಳಕ್ಕೂ ನೂರಿಪ್ಪತ್ತು ಪಟ್ಟು ವ್ಯತ್ಯಾಸ: ನಿಮ್ಮ 130 ನ್ಯಾನೋಮೋಲಾರ್ ನಿಜದಲ್ಲಿ 1 ನ್ಯಾನೋಮೋಲಾರ್ ಆಗಿರಬಹುದು, 16 ಮೈಕ್ರೋಮೋಲಾರ್ ಕೂಡ ಆಗಿರಬಹುದು. ಮೈನಸ್ 9.4 ಬಂದ ಸಂಯುಕ್ತ ಮೈನಸ್ 8.6 ಬಂದದ್ದಕ್ಕಿಂತ ಮೇಲು ಎನ್ನುವುದಕ್ಕೂ ಆಧಾರ ಸಾಲದು. ಡಾಕಿಂಗ್‌ನ ಉಪಯೋಗ ಲಕ್ಷ ಸಂಯುಕ್ತಗಳ ರಾಶಿಯಿಂದ ಇನ್ನೂರನ್ನು ಸೋಸಿ ಬೆಂಚಿಗೆ, ಅಂದರೆ ಲ್ಯಾಬಿನ ಪ್ರಯೋಗಕ್ಕೆ, ತರುವುದರಲ್ಲಿದೆ. ನಲವತ್ತರಲ್ಲಿ ಒಂದನ್ನು ಗೆದ್ದಿತೆಂದು ಸಾರುವುದರಲ್ಲಿ ಅಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಚಿಕೂನ್‌ಗುನ್ಯ ವೈರಸ್ಸಿನ ರಿಸೆಪ್ಟರ್ ಎಂಎಕ್ಸ್‌ಆರ್‌ಎ8 ಎಂಬುದು 2018ರಲ್ಲಿ ಗೊತ್ತಾಯಿತು. ಎರಡೂ ಹೇಗೆ ಕೂಡಿಕೊಳ್ಳುತ್ತವೆ ಎಂಬ ರಚನೆ 2019ರಲ್ಲಿ ಬಂತು. ವೈರಸ್ಸಿನ ಮೈಮೇಲೆ 80 ಮುಳ್ಳುಗಳು, ಒಂದೊಂದು ಮುಳ್ಳಿನಲ್ಲೂ ಇ1, ಇ2 ಪ್ರೋಟೀನುಗಳ ಮೂರು ಜೋಡಿ. ಎಂಎಕ್ಸ್‌ಆರ್‌ಎ8 ಕೂರುವುದು ಅಕ್ಕಪಕ್ಕದ ಎರಡು ಜೋಡಿಗಳ ನಡುವಿನ ಕಣಿವೆಯಲ್ಲಿ. ಪಕ್ಕದ ಮುಳ್ಳನ್ನೂ ಅದು ತಾಗುತ್ತದೆ. ಒಂಟಿ ಇ2 ಇಟ್ಟುಕೊಂಡು ಡಾಕಿಂಗ್ ಮಾಡಿದರೆ ಆ ಕಣಿವೆಯ ಒಂದು ಗೋಡೆಯೇ ಇರುವುದಿಲ್ಲ. ಸಾಫ್ಟ್‌ವೇರ್ ಪಾಪ, ಸಿಕ್ಕ ಗುಳಿಗೆ ಸಂಯುಕ್ತವನ್ನು ತುರುಕಿ ಅಂಕ ಕೊಡುತ್ತದೆ. ಆ ಗುಳಿ ರಿಸೆಪ್ಟರ್ ತಾಗುವ ಜಾಗವೋ, ಜೀವಂತ ವೈರಸ್ಸಿನಲ್ಲಿ ಒಳಗೆ ಹೂತುಹೋಗಿರುವ ಜಾಗವೋ ಎಂದು ನೀವೇ ನೋಡಬೇಕು. ಇಂದೇ ಆ ರಚನೆಯನ್ನು ಡೌನ್‌ಲೋಡ್ ಮಾಡಿ ನಿಮ್ಮ ಡಾಕಿಂಗ್ ಚಿತ್ರವನ್ನು ಅದರ ಮೇಲೆ ಹೊಂದಿಸಿ ನೋಡಿ. ಅರ್ಧ ಗಂಟೆಯ ಕೆಲಸ.

ಕರ್ಕ್ಯುಮಿನ್ ಬಗ್ಗೆಯೂ ಒಂದು ಮಾತು. ಔಷಧ ರಸಾಯನಶಾಸ್ತ್ರದವರು ಇದರ ಹೆಸರು ಕೇಳಿದರೆ ಹಿಂದೆ ಸರಿಯುತ್ತಾರೆ, ಅರಿಶಿನದ ಮೇಲೆ ದ್ವೇಷವಿದ್ದು ಅಲ್ಲ. ಅದು ನೀರಿನ ದ್ರಾವಣದಲ್ಲಿ ಬೇಗ ಒಡೆಯುತ್ತದೆ, ಮುದ್ದೆಗಟ್ಟಿ ಸಿಕ್ಕಸಿಕ್ಕ ಪ್ರೋಟೀನುಗಳಿಗೆ ಮೆತ್ತಿಕೊಳ್ಳುತ್ತದೆ, ಸ್ವತಃ ಹಸಿರಾಗಿ ಹೊಳೆಯುವುದರಿಂದ ಕೋಶಗಳ ಹೊಳಪು ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಸುಳ್ಳು ಸಿಗ್ನಲ್ ಕೊಡುತ್ತದೆ. ಮುಂದೆ ಯಾವ ಸಸ್ಯಜನ್ಯ ಸಂಯುಕ್ತ ಪರೀಕ್ಷಿಸಿದರೂ, ಬಂಧ ಅಳೆಯುವಾಗ ದ್ರಾವಣಕ್ಕೆ ಶೇಕಡ 0.01 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿದ ಇನ್ನೊಂದು ಸಾಲು ಇಡಿ. ಮಾರ್ಜಕ ಸೇರಿದೊಡನೆ ಪರಿಣಾಮ ಮಾಯವಾದರೆ ಅದು ಮುದ್ದೆಯ ಕೆಲಸ. ಈ ಸಾಲು ಬರೀ ಪ್ರೋಟೀನಿನ ಪ್ರಯೋಗಕ್ಕೆ ಮಾತ್ರ. ಜೀವಕೋಶದ ಮೇಲೆ ಟ್ರೈಟಾನ್ ಹಾಕಿದರೆ ಕೋಶಪೊರೆಯೇ ಕರಗುತ್ತದೆ.

ಪೇಪರ್ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾದದ್ದು. ಹಣ ಕಟ್ಟಿ ಪ್ರಕಟಿಸಬೇಡಿ. ಥೀಸಿಸ್‌ನಲ್ಲಿ ಇದನ್ನು ಊಹೆ ಎಂದೇ ಬರೆಯಿರಿ, ಒಂಟಿ ಇ2 ಬಳಸಿದ ಮಿತಿಯನ್ನು ಒಂದು ಪ್ಯಾರಾದಲ್ಲಿ ಹೇಳಿ. ಗೈಡ್ ಬಳಿ ಜಗಳ ಬೇಡ. ಮುಂದೆ ಬೆಂಚಿನಲ್ಲಿ ಪರೀಕ್ಷಿಸಿದ ಮೇಲೆ ಸೇರಿಸಿ ಕಳಿಸೋಣ ಸರ್ ಎಂದರೆ ಸಾಕು. ಪಿಎಚ್.ಡಿ. ಸಂದರ್ಶನದಲ್ಲಿ ಕುಳಿತವರು ನಿಮ್ಮ ಹೆಸರಿನಲ್ಲಿ ಪ್ರಕಟವಾದದ್ದನ್ನೇ ಮೊದಲು ಕೆದಕುತ್ತಾರೆ. ಔಷಧ ಸಿಕ್ಕಿತೆಂಬ ಶೀರ್ಷಿಕೆಗಿಂತ, ಈ ಅಂಕದಿಂದ ಇಷ್ಟು ಮಾತ್ರ ಹೇಳಬಹುದು ಎಂದವರಿಗೆ ಅಲ್ಲಿ ಹೆಚ್ಚು ಬೆಲೆ.

ಹಾಗಾದರೆ ಒಂದು ಪ್ರೋಟೀನನ್ನು ರಿಸೆಪ್ಟರ್ ಎಂದು ಕರೆಯಲು ಏನು ಬೇಕು?

1984ರಲ್ಲಿ ಎಚ್‌ಐವಿಗೆ ಬಿಳಿರಕ್ತಕೋಶದ ಮೇಲಿನ ಸಿಡಿ4 ಎಂಬ ಪ್ರೋಟೀನು ಬೇಕೆಂದು ಎರಡು ಗುಂಪುಗಳು ತೋರಿಸಿದವು. ಸಿಡಿ4ಗೆ ಅಂಟುವ ಪ್ರತಿಕಾಯ ಹಾಕಿದರೆ ಸೋಂಕು ನಿಲ್ಲುತ್ತಿತ್ತು. ಕಥೆ ಮುಗಿಯಿತು ಅನ್ನಿಸಬೇಕು. ಎರಡು ವರ್ಷದ ಮೇಲೆ ಮಾನವ ಸಿಡಿ4 ಅನ್ನು ಇಲಿಯ ಕೋಶಗಳಿಗೆ ಸೇರಿಸಿ ನೋಡಿದಾಗ ವೈರಸ್ ಅಂಟಿತು, ಒಳಗೆ ಹೋಗಲಿಲ್ಲ. ಇಲಿಯಲ್ಲಿ ಇಲ್ಲದ ಇನ್ನೊಂದು ಪ್ರೋಟೀನು ಬೇಕಿತ್ತು. ಅದು ಸಿಎಕ್ಸ್‌ಸಿಆರ್4, ಸಿಸಿಆರ್5 ಎಂದು ತಿಳಿಯಲು 1996ರವರೆಗೆ ಕಾಯಬೇಕಾಯಿತು. ಸಿಸಿಆರ್5ಗೆ ಅಡ್ಡಬರುವ ಮರಾವಿರಾಕ್ ಎಂಬ ಮಾತ್ರೆ 2007ರಲ್ಲಿ ಬಳಕೆಗೆ ಬಂತು. ಅಂಟುವುದಕ್ಕೂ ಒಳಹೋಗುವುದಕ್ಕೂ ನಡುವಿನ ಆ ಅಂತರದಲ್ಲಿ ಹತ್ತು ವರ್ಷ ನೂರಾರು ಜನ ದುಡಿದಿದ್ದಾರೆ.

ದಡಾರದ ಕಥೆ ಇನ್ನೂ ಪಾಠ ಕಲಿಸುವಂಥದ್ದು. 1993ರಲ್ಲಿ ಸಿಡಿ46 ಎಂಬ ಪ್ರೋಟೀನು ದಡಾರ ವೈರಸ್ಸಿನ ರಿಸೆಪ್ಟರ್ ಎಂದು ತೀರ್ಮಾನವಾಯಿತು. ಪ್ರಯೋಗ ಸರಿಯಾಗಿಯೇ ಇತ್ತು. ಆದರೆ ಬಳಸಿದ್ದು ಲ್ಯಾಬಿನಲ್ಲಿ ವರ್ಷಗಟ್ಟಲೆ ಬೆಳೆಸಿ ಪಳಗಿಸಿದ, ಲಸಿಕೆಯ ವಂಶದ ವೈರಸ್. ರೋಗಿಯ ಗಂಟಲಿನಿಂದ ನೇರ ತೆಗೆದ ವೈರಸ್ ಸಿಡಿ46 ಅನ್ನು ಬಳಸುತ್ತಿರಲಿಲ್ಲ. ಅದು ಬಿ ಲಿಂಫೋಸೈಟ್ ಮೂಲದ ಬಿ95ಎ ಕೋಶಗಳಲ್ಲಿ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು. ಆ ಜಾಡು ಹಿಡಿದ ಜಪಾನಿನ ಗುಂಪೊಂದು 2000ದಲ್ಲಿ ನಿಜವಾದ ರಿಸೆಪ್ಟರ್ ಸ್ಲ್ಯಾಮ್ ಎಂದು ತೋರಿಸಿತು. ವೈರಸ್ ಶ್ವಾಸನಾಳದಿಂದ ಹೊರಬೀಳಲು ಬಳಸುವ ನೆಕ್ಟಿನ್-4 ಸಿಕ್ಕಿದ್ದು 2011ರಲ್ಲಿ. ನಿಮ್ಮ ಚಿಕೂನ್‌ಗುನ್ಯದಲ್ಲೂ ಇದೇ ಬಲೆ ಇದೆ. ಲ್ಯಾಬುಗಳಲ್ಲಿ ಸುಲಭವಾಗಿ ಸಿಗುವ 181/25 ಎಂಬ ದುರ್ಬಲಗೊಳಿಸಿದ ತಳಿಯಲ್ಲಿ ಇ2ನ 82ನೇ ಜಾಗದ ಗ್ಲೈಸಿನ್ ಹೋಗಿ ಆರ್ಜಿನಿನ್ ಬಂದಿದೆ. ಆ ಒಂದು ಬದಲಾವಣೆಯಿಂದ ವೈರಸ್ ಕೋಶದ ಮೇಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಸರಕ್ಕೆ ಬಿಗಿಯಾಗಿ ಅಂಟುತ್ತದೆ. ಆ ತಳಿಯೊಂದನ್ನೇ ನಂಬಿದರೆ ಸಕ್ಕರೆಯನ್ನೇ ಬಾಗಿಲು ಅಂದುಕೊಂಡು ಬಿಡುತ್ತೀರಿ.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು. ಸೋಂಕು ತಗಲುವ ಕೋಶದಲ್ಲಿ ರಿಸೆಪ್ಟರಿನ ವಂಶವಾಹಿಯನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಸುವ ವಿಧಾನದಿಂದ ಅಳಿಸಿದರೆ ಸೋಂಕು ಬೀಳಬೇಕು. ಅದೇ ಕೋಶಕ್ಕೆ ವಂಶವಾಹಿಯನ್ನು ಹಿಂದಿರುಗಿಸಿದರೆ ಸೋಂಕು ಮರಳಬೇಕು. ಎಷ್ಟೋ ಥೀಸಿಸ್‌ಗಳು ಈ ಎರಡನೇ ಹಂತ ಇಲ್ಲದೆ ಕುಂಟುತ್ತವೆ. ಹಿಂದಿರುಗಿಸುವ ಪ್ರತಿಯಲ್ಲಿ, ಕ್ರಿಸ್ಪರ್‌ಗೆ ದಾರಿ ತೋರುವ ಗೈಡ್ ಆರ್‌ಎನ್‌ಎ ಹಿಡಿಯುವ ಜಾಗವನ್ನು ಅಮೈನೋ ಆಮ್ಲ ಬದಲಾಗದಂತೆ ಮಾರ್ಪಡಿಸದಿದ್ದರೆ, ಕೋಶದಲ್ಲಿ ಉಳಿದಿರುವ ಕ್ಯಾಸ್9 ಎಂಬ ಕತ್ತರಿ ಅದನ್ನೂ ಕತ್ತರಿಸಿಹಾಕುತ್ತದೆ. ಆಮೇಲೆ ಸೋಂಕು ತಗಲದ ಕೋಶಕ್ಕೆ ಆ ಒಂದು ವಂಶವಾಹಿ ಸೇರಿಸಿದರೆ ಸೋಂಕು ತಗಲಬೇಕು. ರಿಸೆಪ್ಟರಿನ ಹೊರಭಾಗವನ್ನು ಬಿಡಿಯಾಗಿ ದ್ರಾವಣದಲ್ಲಿ ಹಾಕಿದರೆ ವೈರಸ್ ಅದಕ್ಕೇ ಅಂಟಿ ಕೋಶಕ್ಕೆ ತಪ್ಪಬೇಕು. ಶುದ್ಧ ಪ್ರೋಟೀನುಗಳೆರಡು ನೇರವಾಗಿ ಬಂಧವಾಗುವುದನ್ನು ಅಳೆದಿರಬೇಕು. ರೋಗಿಯಿಂದ ಬಂದ ತಳಿಯಲ್ಲೂ, ಸಾಧ್ಯವಾದರೆ ಪ್ರಾಣಿಯಲ್ಲೂ ಇದು ನಿಲ್ಲಬೇಕು. ಎಂಎಕ್ಸ್‌ಆರ್‌ಎ8 ಇಲ್ಲದ ಇಲಿಗಳಲ್ಲಿ ರಕ್ತದ ವೈರಸ್ಸೂ ಪಾದದ ಊತವೂ ಕಡಿಮೆಯಾದದ್ದನ್ನು ತೋರಿಸಿದ ಮೇಲೆ ಆ ಹೆಸರು ಗಟ್ಟಿಯಾಯಿತು.

ಅಂಟಿತೋ ಒಳಹೋಯಿತೋ ಎಂದು ಬೇರ್ಪಡಿಸುವ ಪರೀಕ್ಷೆ ಒಂದಿದೆ, ಖರ್ಚು ಕಡಿಮೆ, ಬುದ್ಧಿ ಹೆಚ್ಚು. ಮಂಜುಗಡ್ಡೆಯ ಮೇಲೆ 4 ಡಿಗ್ರಿಯಲ್ಲಿ ಒಂದು ಗಂಟೆ ವೈರಸ್ಸನ್ನೂ ಕೋಶವನ್ನೂ ಕೂಡಿಸಿಡಿ. ಆ ತಂಪಿನಲ್ಲಿ ಅಂಟಬಹುದು, ಒಳಹೋಗಲಾಗದು. ತಣ್ಣನೆಯ ಪಿಬಿಎಸ್ ಎಂಬ ಉಪ್ಪುದ್ರಾವಣದಲ್ಲಿ ಮೂರು ಸಲ ತೊಳೆಯಿರಿ. ತಟ್ಟೆಯ ಬಾವಿಗಳಲ್ಲಿ, ಅಂದರೆ ಕೋಶವಿರುವ ಪುಟ್ಟ ಗುಳಿಗಳಲ್ಲಿ, ಅರ್ಧದಷ್ಟರ ಕೋಶಗಳನ್ನು ಅಲ್ಲೇ ಒಡೆದು ವೈರಸ್ ಆರ್‌ಎನ್‌ಎ ಅಳೆದರೆ ಅದು ಅಂಟಿದ ಪ್ರಮಾಣ. ಉಳಿದರ್ಧವನ್ನು 37 ಡಿಗ್ರಿಗೆ ಒಂದು ಗಂಟೆ ಇಟ್ಟು, ಹೊರಗೇ ಉಳಿದ ವೈರಸ್ಸನ್ನು ಪ್ರೋಟೀನು ಕತ್ತರಿಸುವ ಟ್ರಿಪ್ಸಿನ್ ಕಿಣ್ವದಿಂದ ಕಿತ್ತು ತೊಳೆದು ಅಳೆದರೆ ಅದು ಒಳಹೋದ ಪ್ರಮಾಣ. ತೊಳೆಯುವ ದ್ರಾವಣ ಕೊಠಡಿಯ ತಾಪದಲ್ಲಿದ್ದರೆ ಅಷ್ಟರಲ್ಲೇ ಕೆಲವು ಒಳಸೇರಿ ಇಡೀ ಲೆಕ್ಕ ಕೆಡುತ್ತದೆ. ಹಿಂದಿನ ಸಂಜೆಯೇ ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ.

ಬಿಎಸ್‌ಎಲ್-4 ಇಲ್ಲದೆ ಆಗದು ಎಂಬ ಮಾತಿಗೆ ಬರೋಣ. ಇದರಲ್ಲಿ ಸ್ವಲ್ಪ ಪಾಲು ನಿಜವಿದೆ. ಜೀವಂತ ನಿಪಾ ವೈರಸ್ ಬೆಳೆಸಲು ಅಂಥ ಲ್ಯಾಬೇ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅದಿದೆ. ಆದರೆ ರಿಸೆಪ್ಟರ್ ಸಂಶೋಧನೆಯ ಬಹುಪಾಲು ನಡೆಯುವುದು ಸಾಮಾನ್ಯ ಬಿಎಸ್‌ಎಲ್-2 ಕೊಠಡಿಯಲ್ಲಿ, ಸೂಡೋವೈರಸ್ ಎಂಬ ಹುಸಿವೈರಸ್ಸಿನ ಮೂಲಕ. ಒಳಗೆ ಮತ್ತೆ ಹುಟ್ಟಲಾಗದ ಲೆಂಟಿವೈರಸ್, ಹೊರಗೆ ನಿಮಗೆ ಬೇಕಾದ ವೈರಸ್ಸಿನ ಮುಳ್ಳು, ಹೊಟ್ಟೆಯಲ್ಲಿ ಲೂಸಿಫರೇಸ್ ವಂಶವಾಹಿ. ಕೋಶದೊಳಗೆ ಹೋದರೆ ಬೆಳಕು ಬರುತ್ತದೆ, ಹೋಗದಿದ್ದರೆ ಇಲ್ಲ. ಸಂಸ್ಥೆಯ ಜೈವಿಕ ಸುರಕ್ಷಾ ಸಮಿತಿಯ ಅನುಮತಿ ಮಾತ್ರ ಮೊದಲೇ ಬೇಕು.

ಮಾಡುವ ಬಗೆ ಹೇಳುತ್ತೇನೆ, ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ. ಹಿಂದಿನ ದಿನ ಹತ್ತು ಸೆಂಟಿಮೀಟರ್ ತಟ್ಟೆಯಲ್ಲಿ ಎಚ್‌ಇಕೆ293ಟಿ ಎಂಬ ಬಗೆಯ 40ರಿಂದ 50 ಲಕ್ಷ ಮಾನವ ಕೋಶ ಬಿತ್ತಿ. ಮರುದಿನ ಮುಕ್ಕಾಲು ತಟ್ಟೆ ತುಂಬಿರುತ್ತದೆ. ಒಟ್ಟು 10 ಮೈಕ್ರೋಗ್ರಾಂ ಪ್ಲಾಸ್ಮಿಡ್ ಡಿಎನ್‌ಎಗೆ ಅದನ್ನು ಕೋಶದೊಳಗೆ ಸಾಗಿಸುವ ಪಿಇಐ 30 ಮೈಕ್ರೋಗ್ರಾಂ, ಸೀರಂ ಇಲ್ಲದ 1 ಮಿಲಿಲೀಟರ್ ಮಾಧ್ಯಮದಲ್ಲಿ ಬೆರೆಸಿ ಹದಿನೈದು ನಿಮಿಷ ಬಿಟ್ಟು ಹನಿಹನಿಯಾಗಿ ಹಾಕಿ. ಆರೇಳು ಗಂಟೆಯ ನಂತರ ಮಾಧ್ಯಮ ಬದಲಿಸಿ. ಹೊಸಬರು ಎಡವುವುದು ಇಲ್ಲೇ: ಈ ಕೋಶಗಳು ತಟ್ಟೆಗೆ ತೀರಾ ಸಡಿಲವಾಗಿ ಹಿಡಿದಿರುತ್ತವೆ, ಮಾಧ್ಯಮವನ್ನು ನೇರ ಮೇಲಿಂದ ಸುರಿದರೆ ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಎದ್ದುಬರುತ್ತವೆ. ಪಿಪೆಟ್ಟಿನ ತುದಿಯನ್ನು ತಟ್ಟೆಯ ಗೋಡೆಗೆ ಒರಗಿಸಿ, ಬೆಚ್ಚಗಿನ ಮಾಧ್ಯಮವನ್ನು ನಿಧಾನವಾಗಿ ಇಳಿಸಬೇಕು. 48ರಿಂದ 72 ಗಂಟೆಗೆ ಮೇಲಿನ ದ್ರವ ತೆಗೆದು, ಕೋಶಗಳು ತಳಕ್ಕೆ ಕೂರುವಷ್ಟು ತಿರುಗಿಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. 0.22 ಬಳಸಿದರೆ ಸೋಸುವಲ್ಲೇ ಬಹಳಷ್ಟು ವೈರಸ್ ಕಳೆದುಹೋಗಬಹುದು. ಅರ್ಧರ್ಧ ಮಿಲಿಲೀಟರಿನಂತೆ ಹಂಚಿ ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಒಂದೊಂದು ಸಲಕ್ಕೂ ಸೋಂಕುಶಕ್ತಿ ಇಳಿಯುತ್ತದೆ.

ಪರೀಕ್ಷೆಯ ದಿನ 96 ಬಾವಿಯ ತಟ್ಟೆಯಲ್ಲಿ ಮೂರು ಬಗೆಯ ಹುಸಿವೈರಸ್ ಇರಲೇಬೇಕು. ನಿಮ್ಮ ವೈರಸ್ಸಿನ ಮುಳ್ಳಿರುವುದು ಒಂದು, ಯಾವ ಮುಳ್ಳೂ ಇಲ್ಲದ ಬೋಳು ವೈರಸ್ ಇನ್ನೊಂದು, ವಿಎಸ್‌ವಿ ಎಂಬ ಬೇರೊಂದು ವೈರಸ್ಸಿನ ಜಿ ಪ್ರೋಟೀನಿನ ಮುಳ್ಳಿರುವುದು ಮೂರನೆಯದು. ಬೋಳು ವೈರಸ್ಸಿನಿಂದ ಬಂದ ಬೆಳಕೇ ನಿಮ್ಮ ಸೊನ್ನೆ. ನಿಮ್ಮ ಸಂಯುಕ್ತ ವಿಎಸ್‌ವಿ-ಜಿ ವೈರಸ್ಸನ್ನೂ ತಡೆದರೆ ಅದು ರಿಸೆಪ್ಟರಿಗೆ ಅಡ್ಡ ಬಂದಿಲ್ಲ. ಕೋಶವನ್ನು ಕೊಲ್ಲುತ್ತಿದೆ, ಲೂಸಿಫರೇಸನ್ನೇ ಕೆಡಿಸುತ್ತಿದೆ, ಇಲ್ಲವೇ ಲೆಂಟಿವೈರಸ್ಸಿನ ಒಳಕೆಲಸ ನಿಲ್ಲಿಸುತ್ತಿದೆ. ಒಂದು ಸೂಕ್ಷ್ಮವನ್ನು ಮರೆಯಬೇಡಿ. ವಿಎಸ್‌ವಿಯೂ ಚಿಕೂನ್‌ಗುನ್ಯವೂ ಎರಡೂ ಕೋಶದೊಳಗಿನ ಎಂಡೋಸೋಮ್ ಎಂಬ ಚೀಲದ ಆಮ್ಲತೆ ಬಳಸಿಯೇ ಒಳಸೇರುತ್ತವೆ. ಅಮೋನಿಯಂ ಕ್ಲೋರೈಡಿನಂತೆ ಆಮ್ಲತೆ ಕೆಡಿಸುವ ವಸ್ತು ಎರಡನ್ನೂ ತಡೆಯುತ್ತದೆ. ಅದನ್ನು ಬೇರ್ಪಡಿಸಲು ಆಮ್ಲತೆ ಬೇಡದ ಇನ್ನೊಂದು ಮುಳ್ಳಿನ ವೈರಸ್ ಬೇಕು. ತಟ್ಟೆಯ ಹೊರಸುತ್ತಿನ ಬಾವಿಗಳಲ್ಲಿ ದ್ರವ ಆರಿ ಅಂಕಿ ಏರುಪೇರಾಗುವುದರಿಂದ ಅಲ್ಲಿ ಬರೀ ಪಿಬಿಎಸ್ ತುಂಬಿ. ತಿಂಗಳಿಗೊಮ್ಮೆ ಮೈಕೋಪ್ಲಾಸ್ಮಾ ಪಿಸಿಆರ್ ತಪ್ಪಿಸಬೇಡಿ. ಆ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದು, ಮಾಧ್ಯಮವನ್ನು ಕಲಕುವುದೂ ಇಲ್ಲ, ಆರು ತಿಂಗಳ ದತ್ತಾಂಶವನ್ನು ಮಾತ್ರ ಸದ್ದಿಲ್ಲದೆ ಹಾಳುಮಾಡುತ್ತದೆ.

ಹುಸಿವೈರಸ್ಸಿಗೂ ಮಿತಿಯಿದೆ. ಎಂಎಕ್ಸ್‌ಆರ್‌ಎ8 ಪಕ್ಕದ ಮುಳ್ಳನ್ನೂ ತಾಗುತ್ತದೆ ಎಂದೆನಲ್ಲ, ಲೆಂಟಿವೈರಸ್ಸಿನ ಮೈಮೇಲೆ ಮುಳ್ಳುಗಳು ಆ ಕ್ರಮದಲ್ಲಿ ಕೂರುವುದಿಲ್ಲ. ಹಾಗಾಗಿ ಕೊನೆಯ ಸಾಕ್ಷ್ಯವನ್ನು ಸೌಲಭ್ಯವಿರುವ ಸಹಯೋಗಿಯ ಲ್ಯಾಬಿನಲ್ಲಿ ನಿಜವಾದ ವೈರಸ್ಸಿನ ಮೇಲೆ ತರಬೇಕು. ಬಂಧ ಅಳೆಯುವ ಯಂತ್ರಗಳಲ್ಲೂ ಇಂಥದೇ ಒಂದು ಮೋಸವಿದೆ. ಪ್ರತಿಕಾಯದ ಬಾಲದ ಭಾಗವಾದ ಎಫ್‌ಸಿ ಜೋಡಿಸಿದ ರಿಸೆಪ್ಟರ್ ಎರಡು ಕೈಗಳಿಂದ ಹಿಡಿಯುವುದರಿಂದ ಬಂಧ ಇರುವುದಕ್ಕಿಂತ ಹತ್ತಾರು ಪಟ್ಟು ಬಿಗಿಯಾಗಿ ಕಾಣುತ್ತದೆ. ಒಂಟಿ ಪ್ರೋಟೀನನ್ನು ದ್ರಾವಣದಲ್ಲಿಟ್ಟು ಐದಾರು ಸಾಂದ್ರತೆಗಳಲ್ಲಿ ಅಳೆದದ್ದನ್ನು ಮಾತ್ರ ನಂಬಿ.

ಇಮ್ಯುನಾಲಜಿ ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಲಾಗದು. ಆದರೆ ಇಡೀ ಪಠ್ಯವನ್ನು ಒಮ್ಮೆಗೇ ನುಂಗಬೇಕಾಗಿಲ್ಲ. ಮೇಲೆ ಹೇಳಿದ ರಿಸೆಪ್ಟರುಗಳನ್ನೇ ನೋಡಿ: ಸಿಡಿ4, ಸಿಸಿಆರ್5, ಸ್ಲ್ಯಾಮ್ ಎಲ್ಲವೂ ರೋಗನಿರೋಧಕ ಕೋಶಗಳ ಸ್ವಂತ ಆಸ್ತಿ. ದಡಾರ ಬಂದ ಮಗುವಿಗೆ ತಿಂಗಳುಗಟ್ಟಲೆ ಬೇರೆ ಸೋಂಕುಗಳು ಮುತ್ತುವುದೇಕೆ ಎಂಬುದಕ್ಕೆ ಉತ್ತರ ಸ್ಲ್ಯಾಮ್‌ನಲ್ಲೇ ಇದೆ. ಹಳೆಯ ಸೋಂಕುಗಳ ನೆನಪು ಹೊತ್ತ ಕೋಶಗಳ ಮೇಲೆ ಅದಿರುತ್ತದೆ, ವೈರಸ್ ಅವನ್ನೇ ಕೊಲ್ಲುತ್ತದೆ. ಡೆಂಗಿಯಲ್ಲಂತೂ ಪ್ರತಿಕಾಯವೇ ಬಾಗಿಲು ತೆರೆಯುತ್ತದೆ. ಹಿಂದಿನ ಸೋಂಕಿನ ಪ್ರತಿಕಾಯ ಹೊಸ ಬಗೆಯ ಡೆಂಗಿಗೆ ಅಂಟಿಯೂ ಅದನ್ನು ಕೆಡಿಸಲಾಗದೆ ಹೋದರೆ, ಆ ಜೋಡಿಯನ್ನು ಬಿಳಿರಕ್ತಕೋಶದ ಎಫ್‌ಸಿ ರಿಸೆಪ್ಟರ್ ಒಳಗೆಳೆದುಕೊಳ್ಳುತ್ತದೆ. ಇದನ್ನು ಪರೀಕ್ಷಿಸಲು ಬಳಸುವ ಕೆ562 ಕೋಶಗಳಿಗೆ ಪ್ರತಿಕಾಯವಿಲ್ಲದೆ ಡೆಂಗಿ ಅಷ್ಟಾಗಿ ತಗಲುವುದಿಲ್ಲ. ಪ್ರತಿಕಾಯವನ್ನು ಒಂದೇ ಪ್ರಮಾಣದಲ್ಲಿ ಹಾಕಿ ಏನೂ ಆಗಲಿಲ್ಲ ಎನ್ನುವವರಿದ್ದಾರೆ. ಹೆಚ್ಚಾದರೆ ತಡೆ, ತೀರಾ ಕಡಿಮೆಯಾದರೆ ಪರಿಣಾಮವಿಲ್ಲ, ನಡುವಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಸೋಂಕು ಏರುತ್ತದೆ. ಏಳೆಂಟು ಹಂತ ತೆಳುಮಾಡುತ್ತ ಹೋಗಬೇಕು. ನೀವು ಸದ್ಯಕ್ಕೆ ಪ್ರತಿಕಾಯದ ರಚನೆ, ಎಫ್‌ಸಿ ರಿಸೆಪ್ಟರುಗಳು, ಬಿ ಕೋಶದ ನೆನಪು, ವೈರಸ್ ಕಂಡ ಕೋಶ ಸುತ್ತಲಿನವುಗಳಿಗೆ ಕೊಡುವ ಎಚ್ಚರಿಕೆಯಾದ ಇಂಟರ್‌ಫೆರಾನ್, ಫ್ಲೋ ಸೈಟೋಮೆಟ್ರಿ ಇಷ್ಟನ್ನು ಗಟ್ಟಿಮಾಡಿಕೊಳ್ಳಿ. ಇಂಟರ್‌ಫೆರಾನ್ ಗೊತ್ತಿಲ್ಲದೆ ಸೋಂಕು ಯಾಕೆ ಕಡಿಮೆಯಾಯಿತು ಎಂಬುದನ್ನು ಅರ್ಥೈಸಲಾಗದು. ಎಷ್ಟೋ ಸಲ ರಿಸೆಪ್ಟರ್ ಸರಿಯಾಗಿಯೇ ಇರುತ್ತದೆ, ಕೋಶ ಎಚ್ಚರಗೊಂಡಿರುತ್ತದೆ.

ಕೋವಿಡ್ ಮುಗಿದ ಮೇಲೆ ಬೆಲೆಯಿಲ್ಲ ಎಂಬ ಮಾತಿಗೆ ಒಬ್ಬ ವಿಜ್ಞಾನಿಯ ದಾರಿಯೇ ಉತ್ತರ. ಲಿ ವೆನ್‌ಹುಯಿ ಹಾರ್ವರ್ಡ್‌ನಲ್ಲಿ ಮೈಕೆಲ್ ಫರ್ಜಾನ್ ಅವರ ಲ್ಯಾಬಿನಲ್ಲಿದ್ದಾಗ, 2003ರಲ್ಲಿ, ಸಾರ್ಸ್ ವೈರಸ್ಸಿನ ರಿಸೆಪ್ಟರ್ ಎಸಿಇ2 ಎಂದು ಕಂಡುಹಿಡಿದ ಪೇಪರಿನ ಮೊದಲ ಲೇಖಕರು. ಸಾರ್ಸ್ ಬೇಗ ಅಡಗಿತು. ಎಸಿಇ2 ಯಾರಿಗೆ ಬೇಕು ಎಂಬಂಥ ಕಾಲವೂ ಬಂತು. ಅವರು ಬೀಜಿಂಗ್‌ಗೆ ಮರಳಿ ಹೆಪಟೈಟಿಸ್ ಬಿ ಕೈಗೆತ್ತಿಕೊಂಡರು. ಅದರ ರಿಸೆಪ್ಟರಿಗಾಗಿ ದಶಕಗಳಿಂದ ಹುಡುಕಾಟ ನಡೆದಿತ್ತು, ಹೊರಬಿದ್ದ ಹೆಸರುಗಳೆಲ್ಲ ಸುಳ್ಳಾಗುತ್ತಿದ್ದವು. ತೊಡಕೇನೆಂದರೆ ಎಲ್ಲರೂ ಬಳಸುತ್ತಿದ್ದ ಹೆಪ್‌ಜಿ2 ಯಕೃತ್ ಕೋಶಗಳಲ್ಲಿ ಆ ರಿಸೆಪ್ಟರ್ ಇರಲೇ ಇಲ್ಲ. ಲಿ ಅವರ ಗುಂಪು ಟುಪಾಯಾ ಎಂಬ ಅಳಿಲಿನಂಥ ಪ್ರಾಣಿಯ ತಾಜಾ ಯಕೃತ್ ಕೋಶಗಳನ್ನು ಆರಿಸಿಕೊಂಡಿತು. ವೈರಸ್ಸಿನ ಪ್ರಿ-ಎಸ್1 ತುಣುಕಿನಲ್ಲಿ ಬೆಳಕು ಬಿದ್ದಾಗ ಪಕ್ಕದ್ದಕ್ಕೆ ಬೆಸೆದುಕೊಳ್ಳುವ ಅಮೈನೋ ಆಮ್ಲವಿಟ್ಟು, ಬೆಸೆದ ಪ್ರೋಟೀನನ್ನು ಸೆಳೆದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಗುರುತಿಸಿತು. ಅದು ಎನ್‌ಟಿಸಿಪಿ, ಪಿತ್ತದ ಲವಣಗಳನ್ನು ಯಕೃತ್ತಿನೊಳಗೆ ಸಾಗಿಸುವ ಪ್ರೋಟೀನು. ಅದನ್ನು ಹೆಪ್‌ಜಿ2ಗೆ ಸೇರಿಸಿದೊಡನೆ ಆ ಕೋಶಗಳಿಗೂ ಸೋಂಕು ತಗಲಿತು. ಇದು 2012ರ ಮಾತು. ಅದೇ ಪ್ರಿ-ಎಸ್1 ತುಣುಕಿನಿಂದ ಜರ್ಮನಿಯಲ್ಲಿ ರೂಪುಗೊಂಡ 47 ಅಮೈನೋ ಆಮ್ಲಗಳ ಬುಲೆವಿರ್ಟೈಡ್ ಎಂಬ ಚುಚ್ಚುಮದ್ದಿಗೆ ಹೆಪಟೈಟಿಸ್ ಡಿ ಚಿಕಿತ್ಸೆಗಾಗಿ ಯೂರೋಪಿನಲ್ಲಿ 2020ರಲ್ಲಿ ಷರತ್ತುಬದ್ಧ ಅನುಮತಿ ಸಿಕ್ಕಿತು. ಅದೇ ವರ್ಷ ಇಡೀ ಜಗತ್ತು ಎಸಿಇ2 ಹೆಸರು ಕಲಿತದ್ದು ನಿಮಗೇ ಗೊತ್ತು. ವೈರಸ್ಸಿನ ಹೆಸರಿಗೆ ಜೋತುಬಿದ್ದವರ ಹಣ ಆ ವೈರಸ್ಸಿನೊಡನೆ ಬತ್ತುತ್ತದೆ. ವಿಧಾನ ಕಲಿತವರು ಸಾರ್ಸ್‌ನಿಂದ ಹೆಪಟೈಟಿಸ್‌ಗೆ ದಾಟುತ್ತಾರೆ. ಕರ್ನಾಟಕಕ್ಕೆ ಬಂದರೆ, 2006ರಲ್ಲಿ ಊರೂರನ್ನೇ ಮಲಗಿಸಿದ ಚಿಕೂನ್‌ಗುನ್ಯ ಹೋಗಿಲ್ಲ, ಪಕ್ಕದ ಕೇರಳದಲ್ಲಿ 2018ರಿಂದ ನಿಪಾ ಮರಳಿ ಮರಳಿ ಬರುತ್ತಿದೆ.

ಇನ್ನು ಹಣ. ಸಿಎಸ್‌ಐಆರ್-ಯುಜಿಸಿ ನೆಟ್, ಡಿಬಿಟಿಯ ಬೆಟ್, ಐಸಿಎಂಆರ್ ಪರೀಕ್ಷೆಗಳಲ್ಲಿ ಯಾವುದರಲ್ಲಾದರೂ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಈ ದರ 2023ರ ಜನವರಿಯಿಂದ ಇದೆ. ಮನೆಯಿಂದ ಕೇಳದೆ ಬದುಕಬಹುದು. ಆದರೆ ಫೆಲೋಶಿಪ್ ಹಣ ಒಮ್ಮೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಮೊದಲ ಕಂತು ಬಂದಾಗಲೇ ನಾಲ್ಕು ತಿಂಗಳ ಖರ್ಚು ಬದಿಗಿಡಿ. ಎರಡು ಗೊಂದಲ ಬಗೆಹರಿಸಿಕೊಳ್ಳಿ: ನೆಟ್‌ನಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ ಬಂದರೆ ಅದರ ಜೊತೆ ಫೆಲೋಶಿಪ್ ಬರುವುದಿಲ್ಲ. ರಾಜ್ಯದ ಕೆ-ಸೆಟ್ ಪಾಸಾದರೆ ಅಧ್ಯಾಪಕ ಹುದ್ದೆಗೆ ಅರ್ಹತೆ, ಫೆಲೋಶಿಪ್ ಅಲ್ಲ. ನೆಟ್ ಜೀವವಿಜ್ಞಾನದ 200 ಅಂಕಗಳಲ್ಲಿ 100 ಇರುವುದು ಸಿ ಭಾಗದಲ್ಲಿ, ಅಲ್ಲಿ 25 ಪ್ರಶ್ನೆಗೆ ನಾಲ್ಕು ನಾಲ್ಕು ಅಂಕ, ತಪ್ಪಾದರೆ ಕಾಲುಭಾಗ ಕಡಿತ. ಪ್ರಯೋಗ ಕೊಟ್ಟು ಅರ್ಥ ಕೇಳುವ ಪ್ರಶ್ನೆಗಳೇ ಹೆಚ್ಚು. ನಿಮಗೆ ಕಷ್ಟವೆನಿಸಿದ ಇಮ್ಯುನಾಲಜಿ ಇರುವ 4ನೇ ಘಟಕ ಮತ್ತು ವಿಧಾನಗಳ 13ನೇ ಘಟಕ, ಈ ಎರಡನ್ನು ಬಿಟ್ಟರೆ ಪರೀಕ್ಷೆಯೂ ಹೋಯಿತು, ವಿಷಯವೂ ಹೋಯಿತು.

ದಾರಿಗಳು ಮೂರು. ಜೆಆರ್‌ಎಫ್ ಪಡೆದು ಬೆಂಗಳೂರಿನ ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್, ನಿಮ್ಹಾನ್ಸ್, ಎನ್‌ಸಿಬಿಎಸ್, ಇಲ್ಲವೇ ಫರೀದಾಬಾದ್, ದೆಹಲಿ, ಹೈದರಾಬಾದ್, ತಿರುವನಂತಪುರದ ಕೇಂದ್ರ ಸಂಸ್ಥೆಗಳಿಗೆ ಹೋಗುವುದು ಒಂದು. ಎನ್‌ಸಿಬಿಎಸ್‌ಗೆ ಟಿಐಎಫ್‌ಆರ್ ನಡೆಸುವ ಪ್ರತ್ಯೇಕ ಪ್ರವೇಶ ಪರೀಕ್ಷೆಯೂ ಇದೆ. ಒಂದು ವರ್ಷ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಕೈ ಪಳಗಿಸಿಕೊಂಡು ನೆಟ್ ಬರೆಯುವುದು ಎರಡನೆಯದು. ನಿಮ್ಮ ಸ್ಥಿತಿಗೆ ಇದೇ ಒಳ್ಳೆಯದೆಂದು ನನ್ನ ಅನಿಸಿಕೆ, ಏಕೆಂದರೆ ಇಲ್ಲಿಯವರೆಗೆ ನಿಮ್ಮ ಕೈಗೆ ಕೋಶ ಬೆಳೆಸುವ ಅಭ್ಯಾಸವಾದಂತಿಲ್ಲ. ಅದರ ಅಪಾಯವೆಂದರೆ ಪ್ರಾಜೆಕ್ಟಿನ ಅವಧಿ ಮುಗಿದರೆ ಕೆಲಸವೂ ಮುಗಿಯುತ್ತದೆ, ಹಗಲೆಲ್ಲ ಲ್ಯಾಬಿನಲ್ಲಿ ಕಳೆದು ಓದು ಹಿಂದೆ ಬೀಳುತ್ತದೆ. ವಿದೇಶ ಮೂರನೆಯದು. ಅಮೆರಿಕದ ಪಿಎಚ್.ಡಿ. ಕಾರ್ಯಕ್ರಮಗಳು ಬಹುತೇಕ ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ, ನೆಟ್ ಬೇಡ; ಆದರೆ ಅರ್ಜಿ ಶುಲ್ಕ, ವೀಸಾ, ಅಲ್ಲಿನ ಅನುದಾನದ ಏರಿಳಿತ ನಿಮ್ಮ ಕೈಯಲ್ಲಿಲ್ಲ. ಜರ್ಮನಿಯಲ್ಲಿ ಪಿಎಚ್.ಡಿ. ಎಂದರೆ ಸಂಬಳದ ಒಪ್ಪಂದವಿರುವ ಕೆಲಸ. ಹೋಗಲೇಬೇಕೆಂಬ ಮಾತು ಮಾತ್ರ ಸುಳ್ಳು. ಫೆಲೋಶಿಪ್ ಇಲ್ಲದೆ, ಪ್ರತಿಕಾಯ ಕೊಳ್ಳಲೂ ಹಣವಿಲ್ಲದ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರುವುದನ್ನು ಯಾರಿಗೂ ಹೇಳಲಾರೆ. ಒಂದು ಬಾಟಲಿ ಪ್ರತಿಕಾಯಕ್ಕೆ ಹತ್ತಾರು ಸಾವಿರ ಆಗುತ್ತದೆ, ವರ್ಷಗಳು ಡಾಕಿಂಗ್‌ನಲ್ಲೇ ಕಳೆದುಹೋಗುತ್ತವೆ.

ಪಿಎಚ್.ಡಿ.ಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಮೂರ್ನಾಲ್ಕು ವರ್ಷ. ಸ್ವಂತ ಲ್ಯಾಬ್ ಸಿಗುವಾಗ ಮೂವತ್ತೈದು ದಾಟಿರುತ್ತದೆ, ಎಲ್ಲರಿಗೂ ಸಿಗುವುದೂ ಇಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲಾರೆ. ಆದರೆ ಬಂಧ ಅಳೆಯುವುದು, ಫ್ಲೋ ಸೈಟೋಮೆಟ್ರಿ, ಕೋಶಾಧಾರಿತ ಪರೀಕ್ಷೆಗಳನ್ನು ಸ್ವತಃ ರೂಪಿಸಿ ನಡೆಸಿದವರು ಬೆಂಗಳೂರಿನ ಪ್ರತಿಕಾಯ-ಔಷಧ ಕಂಪನಿಗಳಿಗೆ ಬೇಕು, ಲಸಿಕೆ ತಯಾರಕರಿಗೂ ಬೇಕು. ಆ ಬಾಗಿಲು ಪಿಎಚ್.ಡಿ. ಮುಗಿದೊಡನೆ ತೆರೆದಿರುತ್ತದೆ.

ಲ್ಯಾಬ್ ಆರಿಸುವಾಗ ಮುಖ್ಯಸ್ಥರ ಪೇಪರುಗಳ ಹೆಸರಿಗಿಂತ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ. ಕಳೆದ ಐದು ಜನ ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಫಲಿತಾಂಶ ಊಹೆಗೆ ವಿರುದ್ಧ ಬಂದಾಗ ಗ್ರೂಪ್ ಮೀಟಿಂಗಿನಲ್ಲಿ ಏನಾಗುತ್ತದೆ. ಮೇಲ್ ಬರೆಯುವಾಗ ಆ ಲ್ಯಾಬಿನ ಒಂದು ಪೇಪರಿನ ಒಂದು ಚಿತ್ರದ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ, ಜೊತೆಗೆ ನಿಮ್ಮ ಡಾಕಿಂಗ್‌ನ ಮಿತಿಗಳನ್ನು ಬರೆದ ಎರಡು ಪುಟ ಲಗತ್ತಿಸಿ.

ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ನಿಮ್ಮ ಸಂಯುಕ್ತ ಹಾಕಿದಾಗ ಹುಸಿವೈರಸ್ಸಿನ ಬೆಳಕು ಶೇಕಡ 20ಕ್ಕೆ ಇಳಿಯಿತು, ಮರುದಿನ ಬೆಳಿಗ್ಗೆ ಏನು ಮಾಡುತ್ತೀರಿ? ಕೋಶಗಳು ಬದುಕಿವೆಯೇ ಎಂದು ನೋಡುತ್ತೇನೆ, ವಿಎಸ್‌ವಿ-ಜಿ ತಟ್ಟೆ ಹಾಕುತ್ತೇನೆ, ಆಮೇಲೆ ಅದೇ ಸಂಯುಕ್ತವನ್ನು ವೈರಸ್ ಒಳಹೋದ ಎರಡು ಗಂಟೆಯ ನಂತರ ಸೇರಿಸಿ ನೋಡುತ್ತೇನೆ. ಆಗಲೂ ಬೆಳಕು ಇಳಿದರೆ ನನ್ನ ಸಂಯುಕ್ತಕ್ಕೂ ರಿಸೆಪ್ಟರಿಗೂ ಸಂಬಂಧವಿಲ್ಲ ಎಂದು ಹೇಳಿ.